ಎಲ್ಲ ಗಂಟಿಗೂ ಆಂಟಿಬಯಾಟಿಕ್ ಯಾಕೆ?

ಕಣ್ಣಿನ ರೆಪ್ಪೆಯಲ್ಲಿ ಗಂಟು ಕಂಡ ಕೂಡಲೇ ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕೆಂಪಾಗಿ, ಕೀವು ತುಂಬಿ ನೋಯುವ ಕುರುವೇ ಬೇರೆ. ನೋವಿಲ್ಲದೆ ಗಟ್ಟಿಯಾಗಿ ಕೂತಿರುವ ಗಂಟು ಹೆಚ್ಚಾಗಿ ಕೆಲೇಜಿಯನ್. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಂಡು ಊದಿರುತ್ತದೆ, ಅಷ್ಟೇ. ಸೋಂಕೇ ಇಲ್ಲದ ಕಡೆ ಸುಮ್ನೆ ಆಂಟಿಬಯಾಟಿಕ್ ಯಾಕೆ?

ಬಿಸಿ ಶಾಖವನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಜವಾಗಿ ಮದ್ದು ಅದೇ ಅಲ್ವಾ? ನನ್ನ ಮಗಳ ಗಂಟು ಕರಗಿದ್ದು ಅದರಿಂದಲೇ. ಆದರೆ ಶಾಖ ಕೊಡಲು ಇಟ್ಟ ಒದ್ದೆ ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ. ಮತ್ತೆ ಮತ್ತೆ ಬಿಸಿನೀರಿಗೆ ಅದ್ದಿ, ಹಿಂಡಿ, ಸುಡದಷ್ಟು ಬಿಸಿಯಲ್ಲಿ 10 ನಿಮಿಷವಾದರೂ ಇಡಬೇಕು. ಆಮೇಲೆ ರೆಪ್ಪೆಗೂದಲಿನ ಕಡೆಗೆ ಬೆರಳಲ್ಲಿ ಮೆಲ್ಲಗೆ ನೀವಬೇಕು. ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ. ಎರಡು ದಿನ ಮಾಡಿ ಬಿಟ್ಟವರೇ ಜಾಸ್ತಿ.

ಅದಕ್ಕೂ ಬಗ್ಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಸಣ್ಣ ಆಪರೇಷನ್. ಆಪರೇಷನ್ ಅಂದರೆ ಜನ ಹೆದರುತ್ತಾರೆ. ಆದರೆ ಸಾಮಾನ್ಯವಾಗಿ ರೆಪ್ಪೆ ಮಗುಚಿ ಒಳಗಿನಿಂದ ಕೊಯ್ಯುವುದರಿಂದ ಹೊರಗೆ ಕಲೆ ಕಾಣುವುದಿಲ್ಲ. ಇಂಜೆಕ್ಷನ್‌ನಿಂದ ಮಾತ್ರ ಕಪ್ಪು ಮೈಬಣ್ಣದವರಿಗೆ ಆ ಜಾಗ ಬೆಳ್ಳಗಾಗುವ ಸಾಧ್ಯತೆ ಇದೆ. ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟೇಹೋಗಿದೆ. ವಯಸ್ಸಾದವರಿಗೆ ಅದೇ ಜಾಗದಲ್ಲಿ ಪದೇಪದೇ ಗಂಟು ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಲೇಬೇಕು. ಎಣ್ಣೆ ಗ್ರಂಥಿಯ ಕ್ಯಾನ್ಸರ್ ನೋಡಲು ಥೇಟ್ ಕೆಲೇಜಿಯನ್‌ನಂತೆಯೇ ಇರಬಹುದು. ದಯವಿಟ್ಟು ಇದನ್ನು ಲೇಖನಕ್ಕೆ ಸೇರಿಸಿ.