ಕ್ಲೀವ್‌ಲ್ಯಾಂಡಿಗೊಂದು ಗಂಡು ನೋಡಿ

"ಹುಡುಗ ಸಿಕ್ಕಿಬಿಟ್ಟ ಕಣಯ್ಯಾ!"

ಬೆಳಗ್ಗೆ ಆರು ಗಂಟೆಗೆ ಫೋನು. ಆ ಕಡೆ ನಮ್ಮ ದೂರದ ಸಂಬಂಧಿ. ಅಮೆರಿಕದ ಓಹಾಯೋ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ನಾನು ಅಣ್ಣ ಅಂತಲೇ ಕರೆಯುವುದು. ಮಗಳಿಗೆ ಮದುವೆ ಗೊತ್ತಾಯಿತು ಅಂದುಕೊಂಡೆ.

"ತುಂಬಾ ಸಂತೋಷ ಅಣ್ಣ. ಯಾವ ಕಡೆಯವನು? ಏನು ಓದಿದ್ದಾನೆ?"

"ಓದು ಕಟ್ಟಿಕೊಂಡು ಏನ್ ಮಾಡ್ತೀಯ? ಎತ್ತರ ಆರಡಿ ಎರಡಿಂಚು. ಗೇಣು ಒಂಬತ್ತೂಮುಕ್ಕಾಲು ಇಂಚು!"

ಗೇಣಿನ ಲೆಕ್ಕ ಬಂದ ಮೇಲೆ ನನಗೆ ಹೊಳೆಯಿತು. ಏಪ್ರಿಲ್ ತಿಂಗಳು. ನಮಗೆ ಮಾವಿನಹಣ್ಣಿನ ಕಾಲ, ಅಣ್ಣನಿಗೆ ಡ್ರಾಫ್ಟಿನ ಕಾಲ. ಅವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಭಕ್ತರು. ಇದು ಯಾವ ವರ್ಷದ ಫೋನು ಅಂತ ಕೇಳಬೇಡಿ. ಎಲ್ಲಾ ವರ್ಷವೂ ಇದೇ ಫೋನು.

ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ. ಅಲ್ಲಿ ದುಡ್ಡು ಕೂಗುತ್ತದೆ. ಇಲ್ಲಿ ಸೋಲು ಕೂಗುತ್ತದೆ. ಹೋದ ವರ್ಷ ಯಾರು ಎಲ್ಲರಿಗಿಂತ ಕೆಟ್ಟದಾಗಿ ಆಡಿದರೋ ಅವರಿಗೆ ಕಾಲೇಜು ಹುಡುಗರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು. ಫೇಲಾದವನಿಗೆ ಮೊದಲ ಬೆಂಚು. ಎಲ್ಲಾ ತಂಡಗಳ ಸರದಿ ಒಂದು ಸುತ್ತು ಮುಗಿದರೆ ಒಂದು ರೌಂಡು. ತಮ್ಮ ಸರದಿಯನ್ನು ತಂಡಗಳು ಒಂದಕ್ಕೊಂದು ಮಾರಿಕೊಳ್ಳಲೂಬಹುದು. ಈ ಉಪಾಯ ಹೊಳೆದದ್ದು ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ಅವರಿಗೆ. ಅವರ ತಂಡ ಆಗ ಸಿಕ್ಕಾಪಟ್ಟೆ ಸೋಲುತ್ತಿತ್ತು ಅನ್ನುವುದು ಬರೀ ಕಾಕತಾಳೀಯ ಇರಬೇಕು! 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಜೇ ಬರ್ವಾಂಗರ್. ಆತ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ತಂಡಗಳೆಲ್ಲ ಆಡುವ ಲೀಗಿನಲ್ಲಿ, ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳ ಕುದುರಲಿಲ್ಲ, ರಬ್ಬರ್ ಕಂಪನಿಯ ಕೆಲಸಕ್ಕೆ ಸೇರಿಕೊಂಡ. ಮೊದಲ ಮುಹೂರ್ತದಲ್ಲೇ ಗಂಡು ಮಂಟಪಕ್ಕೆ ಬರಲಿಲ್ಲ. ಅಷ್ಟಾದರೂ ಶಾಸ್ತ್ರ ಮಾತ್ರ ನಿಂತಿಲ್ಲ.

ಶಾಸ್ತ್ರ ಅಂತ ಸುಮ್ನೆ ಹೇಳಲಿಲ್ಲ. ಡ್ರಾಫ್ಟಿಗೆ ಮುಂಚೆ ಇಂಡಿಯಾನಾಪೊಲಿಸ್ ಊರಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ತೋಳಿನ ಉದ್ದ ಎಲ್ಲಾ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. ಹೆಬ್ಬೆಟ್ಟಿನ ತುದಿಯಿಂದ ಕಿರುಬೆರಳಿನ ತುದಿವರೆಗೆ ಟೇಪ್ ಹಿಡಿಯುತ್ತಾರೆ. ಹೂ ಮಾರುವವಳು ಮೊಳ ಹಾಕುವಷ್ಟೂ ಧಾರಾಳ ಇಲ್ಲ, ಕಾಲಿಂಚು, ಅರೆಕಾಲಿಂಚು ಲೆಕ್ಕ. 2020ರಲ್ಲಿ ಜೋ ಬರೋ ಎಂಬ ಹುಡುಗನ ಗೇಣು ಒಂಬತ್ತೇ ಇಂಚು ಅಂತ ಟೀವಿಯಲ್ಲಿ ದೊಡ್ಡ ಚರ್ಚೆ. ಅದೇ ಓಹಾಯೋದ ಸಿನ್ಸಿನಾಟಿ ತಂಡ ಆ ಗಿಡ್ಡ ಗೇಣಿನವನನ್ನೇ ಕರೆದುಕೊಂಡು ಹೋಯಿತು. ಎರಡನೇ ವರ್ಷಕ್ಕೆ ಆತ ತಂಡವನ್ನು ಸೂಪರ್ ಬೌಲ್ ಫೈನಲ್‌ಗೆ ಮುಟ್ಟಿಸಿದ.

"ಅಣ್ಣ, ಈ ಸಲ ಯಾವ ಜಾಗಕ್ಕೆ ಹುಡುಗನನ್ನು ತಗೊಂಡರೆ ಒಳ್ಳೇದು?" ಅಂತ ನಾನು ಒಂದು ಸಲ ಮರ್ಯಾದೆಗೆ ಕೇಳಿದ್ದೆ.

"ಅದೇನು ಕೇಳೋದು? ಕ್ವಾರ್ಟರ್‌ಬ್ಯಾಕ್!"

ಕ್ವಾರ್ಟರ್‌ಬ್ಯಾಕ್ ಅಂದರೆ ಆಟದ ಮದುಮಗ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಅವನು ಎಸೆಯಬೇಕು. ಜಾಹೀರಾತು, ಫೋಟೋ, ಜೈಕಾರ ಎಲ್ಲಾ ಅವನಿಗೆ. ಅವನ ಮುಂದೆ ಐದು ಜನ ದಢೂತಿಗಳು ಗೋಡೆ ಕಟ್ಟಿಕೊಂಡು ನಿಲ್ಲುತ್ತಾರೆ. ಒಬ್ಬೊಬ್ಬರು ನೂರಮೂವತ್ತು, ನೂರನಲವತ್ತು ಕಿಲೋ. ಎದುರಾಳಿಗಳು ನುಗ್ಗಿ ಬಂದು ಮದುಮಗನನ್ನು ಅಪ್ಪಚ್ಚಿ ಮಾಡದಂತೆ ತಡೆಯುವುದು ಅವರ ಕೆಲಸ. ಎಡತುದಿಯಲ್ಲಿ ನಿಲ್ಲುವವನು ಲೆಫ್ಟ್ ಟ್ಯಾಕಲ್. ಬಲಗೈಯಲ್ಲಿ ಎಸೆಯುವವನಿಗೆ ಬೆನ್ನ ಹಿಂದೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ, ಆ ಬೆನ್ನು ಕಾಯುವವನು ಇವನು. ಮದುವೆಮನೆಯಲ್ಲಿ ಅಡುಗೆ ಭಟ್ಟರಿದ್ದ ಹಾಗೆ. ಸಾಂಬಾರು ಸರಿಯಾಗಿದ್ದರೆ ಯಾರೂ ಅವರ ಹೆಸರು ಕೇಳುವುದಿಲ್ಲ.

ಬ್ರೌನ್ಸ್ ಇತಿಹಾಸ ಗೊತ್ತಿಲ್ಲದವರಿಗೆ ಎರಡು ಮಾತು. 1995ರ ಸೀಸನ್ ಮುಗಿದ ಮೇಲೆ ಮಾಲೀಕ ಆರ್ಟ್ ಮೊಡೆಲ್ ಆಟಗಾರರನ್ನೆಲ್ಲ ಕಟ್ಟಿಕೊಂಡು ಬಾಲ್ಟಿಮೋರ್‌ಗೆ ಹೊರಟೇಬಿಟ್ಟರು. ಅಲ್ಲಿ ಅದು ರೇವನ್ಸ್ ಆಯಿತು. 1996ರ ತನ್ನ ಮೊದಲ ಡ್ರಾಫ್ಟಿನಲ್ಲೇ ರೇವನ್ಸ್ ಆರಿಸಿದ ಮೊದಲ ಹುಡುಗ ಜೊನಾಥನ್ ಆಗ್ಡನ್, ಲೆಫ್ಟ್ ಟ್ಯಾಕಲ್. ಎರಡನೆಯವನು ಡಿಫೆನ್ಸ್‌ನ ರೇ ಲೂಯಿಸ್. ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಎಂಬ ಮಹಾನ್ ಆಟಗಾರರ ಪಟ್ಟಿ ಸೇರಿದರು. 2001ರ ಜನವರಿಯಲ್ಲಿ ರೇವನ್ಸ್ ಕೈಯಲ್ಲಿ ಸೂಪರ್ ಬೌಲ್ ಕಪ್.

ಇತ್ತ ಕ್ಲೀವ್‌ಲ್ಯಾಂಡಿಗೆ 1999ರಲ್ಲಿ ಹೊಸ ಬ್ರೌನ್ಸ್ ಬಂತು. ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆ ಅವರದೇ. ಖಾಲಿ ಸೈಟು, ಇಟ್ಟಿಗೆಯೂ ಇಲ್ಲ, ಗಾರೆಯೂ ಇಲ್ಲ. ಏನು ತಂದರು? ಗೋಪುರಕ್ಕೆ ಕಳಸ. ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್. ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 43, ಬ್ರೌನ್ಸ್ ಸೊನ್ನೆ. ಆ ವರ್ಷವೆಲ್ಲ ಪಾಪ ಹುಡುಗ, ಚೆಂಡು ಎಸೆದದ್ದಕ್ಕಿಂತ ಆಕಾಶ ನೋಡಿದ್ದೇ ಜಾಸ್ತಿ ಇರಬೇಕು.

ಆಮೇಲೆ ಶುರುವಾದದ್ದು ಮೆರವಣಿಗೆ. ಒಬ್ಬ ಅಭಿಮಾನಿಯ ಕೌಚ್ ಜೆರ್ಸಿ ಆ ಊರಿನಲ್ಲಿ ಬಹಳ ಹೆಸರುವಾಸಿ. ಹೊಸ ಕ್ವಾರ್ಟರ್‌ಬ್ಯಾಕ್ ಬಂದಾಗಲೆಲ್ಲ ಹಳಬನ ಹೆಸರಿನ ಕೆಳಗೆ ಟೇಪ್ ಅಂಟಿಸಿ ಹೊಸಬನ ಹೆಸರು ಬರೆಯುತ್ತಿದ್ದ. ಬೆನ್ನು ಪೂರ್ತಿ ಹೆಸರು, ರೇಷನ್ ಅಂಗಡಿಯ ಬೋರ್ಡಿನಂತೆ. 1999ರಿಂದ ಈಚೆಗೆ ಪಂದ್ಯ ಶುರು ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳ ಸಂಖ್ಯೆ 40 ದಾಟಿದೆ.

2000ದ ಆರನೇ ರೌಂಡಿನಲ್ಲಿ, 183ನೇ ಆಯ್ಕೆಯಾಗಿ, ಬ್ರೌನ್ಸ್ ಒಬ್ಬ ಕ್ವಾರ್ಟರ್‌ಬ್ಯಾಕ್ ತಗೊಂಡಿತು. ಹೆಸರು ಸ್ಪರ್ಗನ್ ವಿನ್. ಕೇಳಿಲ್ಲ ಅಲ್ವಾ? ನಡುವೆ ಹದಿನೈದು ಹೆಸರು ದಾಟಿ 199ನೆಯವನಾಗಿ ನ್ಯೂ ಇಂಗ್ಲೆಂಡ್ ತಂಡಕ್ಕೆ ಸಿಕ್ಕವನು ಟಾಮ್ ಬ್ರೇಡಿ. ಏಳು ಸೂಪರ್ ಬೌಲ್. ಇದನ್ನು ಅಣ್ಣನ ಮುಂದೆ ಎತ್ತಬಾರದು. ಎತ್ತಿದರೆ ಫೋನ್ ಕಟ್.

ಬ್ರೌನ್ಸ್‌ಗೆ 22 ಅನ್ನುವ ಸಂಖ್ಯೆ ಮೇಲೆ ಅದೇನು ಮೋಹವೋ. 2007ರಲ್ಲಿ 22ನೇ ಆಯ್ಕೆ ಬ್ರೇಡಿ ಕ್ವಿನ್. 2012ರಲ್ಲಿ 22ನೇ ಆಯ್ಕೆ ಬ್ರ್ಯಾಂಡನ್ ವೀಡನ್. 2014ರಲ್ಲಿ 22ನೇ ಆಯ್ಕೆ ಜಾನಿ ಮ್ಯಾಂಜಿಯೆಲ್. ಮೂವರೂ ಕ್ವಾರ್ಟರ್‌ಬ್ಯಾಕ್. ಬಸ್ ನಂಬರ್ 22 ಊರಿಗೆ ಹೋಗಲ್ಲ ಅಂತ ಎರಡನೇ ಸಲ ಹತ್ತಿದಾಗಲಾದರೂ ತಿಳಿಯಬೇಡವೇ?

ವೀಡನ್ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಯ್ಕೆಯಾದಾಗ ಆತನಿಗೆ 28 ವರ್ಷ. ಅದಕ್ಕೆ ಮುಂಚೆ ಬೇಸ್‌ಬಾಲ್ ಆಡಿ, ಅದು ಕೈಹಿಡಿಯದೆ, ವಾಪಸ್ ಕಾಲೇಜಿಗೆ ಹೋಗಿದ್ದವನು. ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯ, ತವರು ಮೈದಾನ. ಆಟಕ್ಕೆ ಮುಂಚೆ ಮೈದಾನದ ಉದ್ದಗಲಕ್ಕೂ ದೊಡ್ಡ ಅಮೆರಿಕನ್ ಧ್ವಜ ಬಿಚ್ಚುತ್ತಿದ್ದಾರೆ. ಇವನು ಅಲ್ಲೇ ಚೆಂಡು ಎಸೆದು ಅಭ್ಯಾಸ ಮಾಡುತ್ತಿದ್ದಾನೆ. ನೋಡನೋಡುತ್ತಿದ್ದಂತೆ ಧ್ವಜ ಇವನ ತಲೆ ಮೇಲೆ ಬಂತು. ಬಟ್ಟೆಯ ಕೆಳಗೆ ಒಂದು ಗಂಟು ಮಾತ್ರ ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು, ಕಂಬಳಿ ಒಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡ ಹಾಗೆ. ಕೊನೆಗೆ ಬಗ್ಗಿಕೊಂಡು ಹೇಗೋ ಹೊರಗೆ ಬಂದ. ಬಂದು ನಾಲ್ಕು ಚೆಂಡು ಎದುರಾಳಿಗಳ ಕೈಗೇ ಎಸೆದ. ಧ್ವಜದ ಕೆಳಗೇ ಇದ್ದಿದ್ದರೆ ತಂಡಕ್ಕೂ ಮರ್ಯಾದೆ, ಧ್ವಜಕ್ಕೂ ಮರ್ಯಾದೆ. ಅವನನ್ನು ಆರಿಸಿದ ಜನರಲ್ ಮ್ಯಾನೇಜರ್ ಆ ವರ್ಷದ ಕೊನೆಯ ದಿನ ಮನೆಗೆ ಹೋದರು.

ಅದೇ 2012ರಲ್ಲಿ ಇನ್ನೊಂದು ವ್ಯಾಪಾರ. ನಾಲ್ಕನೇ ಆಯ್ಕೆಯಿಂದ ಮೂರನೆಯದಕ್ಕೆ, ಅಂದರೆ ಒಂದೇ ಒಂದು ಮೆಟ್ಟಿಲು ಹತ್ತಲು, ಕೆಳಗಿನ ರೌಂಡಿನ ಮೂರು ಆಯ್ಕೆ ಕೊಟ್ಟು ಟ್ರೆಂಟ್ ರಿಚರ್ಡ್ಸನ್ ಎಂಬ ಓಟಗಾರನನ್ನು ತಂದರು. ಒಂದೂವರೆ ವರ್ಷ ತುಂಬುವ ಮೊದಲೇ ಅವನನ್ನು ಮಾರಿ ಒಂದು ಆಯ್ಕೆ ಪಡೆದರು. ಅದು 26ನೆಯದಾಯಿತು. ಅದಕ್ಕೆ ಇನ್ನೊಂದು ಆಯ್ಕೆ ಸೇರಿಸಿ ಕೊಟ್ಟು 22ಕ್ಕೆ ಹತ್ತಿ ಮ್ಯಾಂಜಿಯೆಲ್‌ನನ್ನು ತಂದರು. ಎತ್ತು ಮಾರಿ ಕುರಿ, ಕುರಿ ಮಾರಿ ಕೋಳಿ. ಕೋಳಿ ಬೇಲಿ ಹಾರಿ ಹೋಯಿತು.

ಮ್ಯಾಂಜಿಯೆಲ್ ಆಯ್ಕೆಯ ಹಿಂದೆ ವಿಜ್ಞಾನ ಇರಲಿಲ್ಲ ಅಂತ ತಿಳಿಯಬೇಡಿ. ಯಾವ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನು ಅಂತ ತಿಳಿಯಲು ತಂಡ ಒಂದು ಲಕ್ಷ ಡಾಲರ್ ಖರ್ಚು ಮಾಡಿ ಅಧ್ಯಯನ ಮಾಡಿಸಿತ್ತು ಅಂತ ಆಗ ಇಎಸ್‌ಪಿಎನ್ ವರದಿ ಮಾಡಿತು. ಅಧ್ಯಯನ ಹೇಳಿದ ಹೆಸರು ಟೆಡ್ಡಿ ಬ್ರಿಜ್‌ವಾಟರ್. ಇನ್ನೊಂದು ಕಡೆ, ಬೀದಿಯಲ್ಲಿ ಮನೆಯಿಲ್ಲದ ಬಡವನೊಬ್ಬ ಮಾಲೀಕ ಜಿಮ್ಮಿ ಹಸ್ಲಮ್ ಅವರನ್ನು ಕಂಡು ಮ್ಯಾಂಜಿಯೆಲ್‌ನನ್ನು ತಗೊಳ್ಳಿ ಅಂದನಂತೆ. ಇದನ್ನು ಮಾಲೀಕರೇ ಹೇಳಿಕೊಂಡರು ಅಂತ ಅದೇ ವರದಿ. ಸುಮ್ನೆ ಯೋಚನೆ ಮಾಡಿ. ಲಕ್ಷ ಡಾಲರಿನ ಫೈಲು ಒಂದು ಕಡೆ, ಫುಟ್‌ಪಾತಿನ ಮಾತು ಒಂದು ಕಡೆ. ನಮ್ಮಲ್ಲಿ ಇಂಜಿನಿಯರ್ ಪ್ಲಾನ್ ಹಾಕಿಸಿ, ಆಮೇಲೆ ವಾಸ್ತು ಹೇಳುವವನ ಮಾತು ಕೇಳಿ ಬಾತ್‌ರೂಮ್ ಒಡೆಸುವುದಿಲ್ಲವೇ, ಹಾಗೆ. ಮ್ಯಾಂಜಿಯೆಲ್ ಎಂಟು ಪಂದ್ಯ ಶುರು ಮಾಡಿದ. 2016ರ ಮಾರ್ಚ್‌ನಲ್ಲಿ ತಂಡದಿಂದ ಹೊರಗೆ.

ಇಷ್ಟಾದ ಮೇಲೆ ಬುದ್ಧಿ ಬಂತು. ಅದೂ ಉಲ್ಟಾ. 2016ರಲ್ಲಿ ಎರಡನೇ ಆಯ್ಕೆಯನ್ನೇ ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟರು, ಅವರು ಕಾರ್ಸನ್ ವೆಂಟ್ಜ್‌ನನ್ನು ಕರೆದುಕೊಂಡರು. 2017ರಲ್ಲಿ 12ನೇ ಆಯ್ಕೆಯನ್ನು ಹೂಸ್ಟನ್‌ಗೆ ಮಾರಿದರು, ಅವರು ದೆಶಾನ್ ವಾಟ್ಸನ್‌ನನ್ನು ಕರೆದುಕೊಂಡರು. ಆ ವರ್ಷ ಬ್ರೌನ್ಸ್ 16 ಪಂದ್ಯ ಆಡಿತು, 16 ಸೋತಿತು. 2018ರ ಜನವರಿ 6ರಂದು ಮೈ ಕೊರೆಯುವ ಚಳಿಯಲ್ಲಿ ಸಾವಿರಾರು ಅಭಿಮಾನಿಗಳು ಸ್ಟೇಡಿಯಂ ಸುತ್ತ ಮೆರವಣಿಗೆ ಮಾಡಿದರು. ದಾರಿ ಸುತ್ತು ಬರುವಂತೆ ಇಟ್ಟಿದ್ದರು, ಮೇಲಿಂದ ನೋಡಿದರೆ ಸೊನ್ನೆ. ನಾವು ದೇವಸ್ಥಾನದ ಸುತ್ತ ಪ್ರದಕ್ಷಿಣೆ ಹಾಕಿ ಬೇಡುತ್ತೇವೆ. ಇವರು ಪ್ರದಕ್ಷಿಣೆ ಹಾಕಿ ಬೈದರು. ಹಸಿದವರಿಗೆ ಅಂತ ದುಡ್ಡನ್ನೂ ಕೂಡಿಸಿ ಕೊಟ್ಟರು. ಮಾಲೀಕರಿಗಿಂತ ಅಭಿಮಾನಿಗಳಿಗೇ ವ್ಯವಹಾರ ಚೆನ್ನಾಗಿ ಗೊತ್ತು.

2018ರಲ್ಲಿ ಮತ್ತೆ ಮೊದಲ ಆಯ್ಕೆ, ಮತ್ತೆ ಕ್ವಾರ್ಟರ್‌ಬ್ಯಾಕ್. ಬೇಕರ್ ಮೇಫೀಲ್ಡ್. ಆಶ್ಚರ್ಯ, ಈತ ಗೆದ್ದ! 2021ರ ಜನವರಿಯಲ್ಲಿ ಪ್ಲೇಆಫ್ ಪಂದ್ಯ, ಅದೇ ಸ್ಟೀಲರ್ಸ್ ಮೇಲೆ 48-37. ಅಣ್ಣ ಫೋನಿನಲ್ಲಿ ಅತ್ತರು. ಗೆಲ್ಲಿಸಿದವನನ್ನು ಬ್ರೌನ್ಸ್ ಏನು ಮಾಡಿತು? 2022ರಲ್ಲಿ ಸಾಗಹಾಕಿತು. ಅವನ ಜಾಗಕ್ಕೆ ಬಂದವನು ಯಾರು? ಐದು ವರ್ಷದ ಹಿಂದೆ 12ನೇ ಆಯ್ಕೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಅದೇ ವಾಟ್ಸನ್. ಅವನಿಗಾಗಿ ಮೊದಲ ರೌಂಡಿನ ಮೂರು ಆಯ್ಕೆ, ಮೇಲೆ ಇನ್ನಷ್ಟು. 23 ಕೋಟಿ ಡಾಲರ್ ಸಂಬಳ, ಆಡಿದರೂ ಬಿಟ್ಟರೂ ಪೂರ್ತಿ ಗ್ಯಾರಂಟಿ. ಆ ಹೊತ್ತಿಗೆ ಅವನ ಮೇಲೆ 20ಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ದಾವೆ ಹೂಡಿದ್ದರು. ಆತ ಅಲ್ಲಗಳೆದ, ಲೀಗ್ 11 ಪಂದ್ಯ ಹೊರಗಿಟ್ಟಿತು. ಗೇಣನ್ನು ಅರೆಕಾಲಿಂಚಿನ ತನಕ ಅಳೆಯುವವರು ಇದನ್ನು ಯಾವ ಟೇಪಿನಲ್ಲಿ ಅಳೆದರೋ. ಮೂರು ಸೀಸನ್ನಿನಲ್ಲಿ ಆಡಿದ್ದು 19 ಪಂದ್ಯ. ಬೀಸಿದ ಏಟು ಗುರಿ ತಪ್ಪಿತು ಅಂತ 2025ರಲ್ಲಿ ಮಾಲೀಕರೇ ಒಪ್ಪಿಕೊಂಡರು.

ಇಷ್ಟು ಅಪಶಕುನದ ನಡುವೆ ಬ್ರೌನ್ಸ್ ಒಂದು ಸಲ ಕಣ್ಣು ಮುಚ್ಚಿ ನಂಬುವಂಥ ಕೆಲಸ ಮಾಡಿತು. ಅದೂ ಕ್ವಿನ್ ಬಂದ 2007ರಲ್ಲೇ. ಮೂರನೇ ಆಯ್ಕೆ ಜೋ ಥಾಮಸ್, ಲೆಫ್ಟ್ ಟ್ಯಾಕಲ್. ನ್ಯೂಯಾರ್ಕಿನ ಸಭಾಂಗಣದಲ್ಲಿ ಉಳಿದ ಹುಡುಗರು ಸೂಟು ಹೊಲಿಸಿಕೊಂಡು ಕೂತಿದ್ದರು. ಈತ ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ದೋಣಿ ಮೇಲೆ ಮೀನು ಹಿಡಿಯುತ್ತಿದ್ದ. ಬ್ರೌನ್ಸ್ ಕೂಗಿದ್ದು ದೋಣಿಗೇ ಕೇಳಿಸಿತು. ಬಂದ, ನಿಂತ. ಒಂದೇ ಒಂದು ಸಲವೂ ಹೊರಗೆ ಕೂರದೆ ಸತತ 10,363 ಬಾರಿ ಮೈದಾನದಲ್ಲಿ ನಿಂತು ತಡೆದ. 2017ರಲ್ಲಿ ತೋಳಿನ ಸ್ನಾಯು ಹರಿದ ಮೇಲೆಯೇ ಆಚೆ ಬಂದದ್ದು. ಅಷ್ಟರಲ್ಲಿ ಇಪ್ಪತ್ತು ಮದುಮಗಂದಿರ ಬೆನ್ನು ಕಾದಿದ್ದ. ಒಬ್ಬೊಬ್ಬರ ಹೆಸರು ಕಲಿಯುವಷ್ಟರಲ್ಲಿ ಇನ್ನೊಬ್ಬ ಬರುತ್ತಿದ್ದ. ಅವನ ಕಾಲದಲ್ಲಿ ತಂಡ ಒಂದೇ ಒಂದು ಪ್ಲೇಆಫ್ ಪಂದ್ಯ ಕಾಣಲಿಲ್ಲ. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಒಂದು ಕಲ್ಲುಗೋಡೆ ಸಿಕ್ಕಿತು, ಮಿಕ್ಕ ಮೂರು ಕಡೆ ಬರೀ ಸೀರೆ ಕಟ್ಟಿ ಸಂಸಾರ ಮಾಡಿದರು.

ಅದಕ್ಕೇ ಈ ಸಲ ಧೈರ್ಯ ಮಾಡಿ ಹೇಳಿದೆ. "ಅಣ್ಣ, ಐದು ವರ್ಷ ಕ್ವಾರ್ಟರ್‌ಬ್ಯಾಕ್ ಹೆಸರೇ ಎತ್ತಬೇಡಿ. ಮುಂದೆ ನಿಲ್ಲೋ ಐದು ಜನರನ್ನ ಮೊದಲು ತನ್ನಿ. ಥಾಮಸ್ ಥರದವರು. ಗೋಡೆ ಎದ್ದ ಮೇಲೆ ಯಾರನ್ನ ನಿಲ್ಲಿಸಿದರೂ ಎಸೀತಾನೆ."

ಆ ಕಡೆ ಸ್ವಲ್ಪ ಹೊತ್ತು ಮೌನ.

"ಅದೇನೋ ಸರಿ ಕಣಯ್ಯಾ. ಆದ್ರೆ ಗೋಡೆ ಹೆಸರಿರೋ ಜೆರ್ಸಿ ಹಾಕ್ಕೊಂಡು ಯಾರು ಓಡಾಡ್ತಾರೆ?"

2025ರಲ್ಲಿ ಬ್ರೌನ್ಸ್ ಒಂದೇ ಡ್ರಾಫ್ಟಿನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿತ್ತು, ಮೂರನೇ ರೌಂಡಿನಲ್ಲೊಬ್ಬ, ಐದನೇ ರೌಂಡಿನಲ್ಲೊಬ್ಬ. ಅಣ್ಣ ಇಬ್ಬರದೂ ಜೆರ್ಸಿ ತರಿಸಿದರು. ಮನೆಯಲ್ಲಿ ಬೀರು ತುಂಬಿದೆ. ಕೌಚ್ ಈಗ ಅಡುಗೆಮನೆಯ ಮಸಿಬಟ್ಟೆ. ಕ್ವಿನ್ ಮತ್ತು ವೀಡನ್ ಕಾರು ಒರೆಸಲು. ಮ್ಯಾಂಜಿಯೆಲ್ ಬಾಗಿಲ ಹತ್ತಿರ ಕಾಲೊರೆಸುವುದಕ್ಕೆ.

ಫೋನ್ ಇಡುವ ಮೊದಲು ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು. "ಹೊಸ ಹುಡುಗಂದು ತರಿಸೋದಾದ್ರೆ ಕಾಟನ್ನೇ ತರಿಸ್ರೀ. ಆ ಪಾಲಿಯೆಸ್ಟರ್ ನೀರೇ ಹೀರಲ್ಲ."