ಕಂಪನಿ ಬಿಟ್ಟ ಲ್ಯಾಪ್‌ಟಾಪ್ ಮನೆಗೆ ಬೇಕಾ?

ಪರ: ಒಂದು ಪ್ಯಾರಾ ಹೊಡೆದು ನೋಡಿ

ನಾನು ಬನಶಂಕರಿಯಲ್ಲಿ ಡಿಟಿಪಿ ಅಂಗಡಿ ಇಟ್ಟವನು. ದಿನಕ್ಕೆ ಎಂಟು ಗಂಟೆ ಟೈಪ್ ಮಾಡುತ್ತೇನೆ. ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಯಾರದೋ ಪಿಎಚ್.ಡಿ. ಹಾಗಾಗಿ, ಹೊಸದರ ಬದಲು ಕಂಪನಿ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನೇ ಮನೆಗೆ ತನ್ನಿ ಅನ್ನುವ ನನ್ನ ವಾದ ಕೀಬೋರ್ಡಿನಿಂದಲೇ ಶುರು. ಶೋರೂಮಿನಲ್ಲಿರುವ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಮೇಲೆ ಒಂದು ಪ್ಯಾರಾ ಹೊಡೆದು ನೋಡಿ. ನಡುವೆ ಒತ್ತಿದರೆ ಎಷ್ಟೋ ಮಾಡೆಲ್‌ಗಳು ಹಪ್ಪಳದ ಹಾಗೆ ಬಗ್ಗುತ್ತವೆ. ಆಮೇಲೆ ಆಫೀಸುಗಳಿಗೆಂದೇ ಮಾಡಿದ, ಐದಾರು ವರ್ಷ ಹಳೆಯ ಥಿಂಕ್‌ಪ್ಯಾಡ್ ಮೇಲೆ ಅದೇ ಪ್ಯಾರಾ ಹೊಡೆಯಿರಿ. ಬೆರಳಿಗೇ ಗೊತ್ತಾಗುತ್ತದೆ. ನನ್ನ ಪ್ರಕಾರ ಲೇಖನ ಇಲ್ಲಿಗೇ ಮುಗಿಯಿತು. ಸಂಪಾದಕರು ಇನ್ನೂ ಜಾಗ ಕೊಟ್ಟಿದ್ದಾರೆ, ಹಾಗಾಗಿ ಮುಂದುವರಿಸುತ್ತೇನೆ.

ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬಗೆ. ನಮ್ಮ ನಿಮ್ಮ ಕಣ್ಣು ಸೆಳೆಯಲು ಮಾಡಿದ್ದು ಒಂದು. ಕಂಪನಿಗಳು ನೂರು, ಇನ್ನೂರರ ಲೆಕ್ಕದಲ್ಲಿ ತರಿಸುವ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್ (ಈ ಹೆಸರು 2025ರಲ್ಲಿ ನಿಂತಿತು), ಎಚ್‌ಪಿಯ ಎಲೈಟ್‌ಬುಕ್‌ನಂಥದ್ದು ಇನ್ನೊಂದು. ಈ ಎರಡನೆಯದನ್ನು ಆರಿಸುವವರು ಕಂಪನಿಯ ಐಟಿಯವರು (ತೆರಿಗೆಯವರಲ್ಲ). ಕೆಟ್ಟರೆ ಬೈಸಿಕೊಳ್ಳುವವರೂ ಅವರೇ. ಅದಕ್ಕೇ ಇವುಗಳ ಕಟ್ಟುವಿಕೆ ಬೇರೆ. ಕೆಳಗಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತದೆ. ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರಸಮೇತ ತೋರಿಸುವ ಸರ್ವಿಸ್ ಮ್ಯಾನ್ಯುಯಲ್ ತಯಾರಕರ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಥಿಂಕ್‌ಪ್ಯಾಡ್ 1992ರಲ್ಲಿ ಐಬಿಎಂ ಶುರು ಮಾಡಿದ್ದು. 2005ರಲ್ಲಿ ಲೆನೊವೊ ಕೈಗೆ ಹೋಯಿತು. ಮನೆ ಬದಲಾದರೂ ಕೀಬೋರ್ಡ್ ನಡುವಿನ ಆ ಕೆಂಪು ಗುಂಡಿ (ಮೌಸಿನ ಬದಲು ಬೆರಳಲ್ಲೇ ಬಾಣ ಓಡಿಸಲು) ಹೆಚ್ಚಿನ ಮಾಡೆಲ್‌ಗಳಲ್ಲಿ ಇವತ್ತಿಗೂ ಇದೆ.

ಮೂರು ನಾಲ್ಕು ವರ್ಷಕ್ಕೆ ಲೀಸೋ ವಾರಂಟಿಯೋ ಮುಗಿಯುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಮಷೀನ್‌ಗಳು ಲಾಟ್‌ಗಟ್ಟಲೆ ಹೊರಗೆ ಬರುತ್ತವೆ. ಅವನ್ನು ನೋಡಬೇಕಾದರೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರಸ್ತೆಗೆ ಹೋಗಬೇಕು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಆದರೆ ಹಾಗಂದರೆ ಆಟೋದವರಿಗೂ ತಿಳಿಯಲಿಕ್ಕಿಲ್ಲ.

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮಳೆ ಹಿಡಿದ ಒಂದು ಶನಿವಾರ ಇಬ್ಬರೂ ಹೋದೆವು. ಜೇಬಿನಲ್ಲಿ 25 ಸಾವಿರ. ಆ ದುಡ್ಡಿಗೆ ಶೋರೂಮಿನವರು ಸೆಲೆರಾನ್ ಅನ್ನುವ ಕಮ್ಮಿ ಕಸುವಿನ ಚಿಪ್ಪಿನದೊಂದು ತೋರಿಸಿದ್ದರು, ರ‍್ಯಾಮ್ (ಮೆಮೊರಿ) ಬೋರ್ಡಿಗೇ ಬೆಸುಗೆ, ಬದಲಿಸುವ ಹಾಗಿಲ್ಲ. ಇಲ್ಲಿ ಅಂಗಡಿಯವರು ಒಂದರ ಮೇಲೊಂದು ಪೇರಿಸಿಟ್ಟಿದ್ದರಿಂದ ಒಂದನ್ನು ಎಳೆದು, "ಸಾರ್, ಹದಿಮೂರಕ್ಕೆ ಕೊಡ್ತೀನಿ, ತಗೊಂಡ್ ಹೋಗಿ" ಅಂದರು. ಮಗಳು ಸ್ಟಿಕ್ಕರ್ ನೋಡಿ ನನ್ನ ಕಿವಿಯಲ್ಲಿ, "ಅಪ್ಪ, ಇದು ಆರನೇ ಜನರೇಶನ್, ಬೇಡ" ಅಂದಳು.

ಸರಿಯಾಗೇ ಹೇಳಿದಳು. ಜನರೇಶನ್ ಅಂದರೆ ಚಿಪ್ಪಿನ ತಲೆಮಾರು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ (ಭದ್ರತೆಯ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಮ್ಮಿ ಎಂಟನೇ ಜನರೇಶನ್ನೋ ಅದಕ್ಕಿಂತ ಹೊಸದೋ ಆಗಬೇಕು. ತಿಳಿಯುವುದು ಸುಲಭ. ಐ5-6300ಯು ಅಂತಿದ್ದರೆ ಅಡ್ಡಗೆರೆಯ ನಂತರದ 6 ಅಂದರೆ ಆರನೇದು. ಐ5-8350ಯು ಅಂತಿದ್ದರೆ ಎಂಟನೇದು. ಆ ಒಂದು ಅಂಕಿಗೆ ಬೀದಿಯಲ್ಲಿ ಬೆಲೆಯೇ ಬೇರೆ. ಕೊನೆಗೆ 22 ಸಾವಿರಕ್ಕೆ ಎಂಟನೇ ಜನರೇಶನ್‌ದೊಂದು ತಂದೆವು. ಮಾಡೆಲ್ ಹೇಳುವುದಿಲ್ಲ, ಜಾಹೀರಾತಾಗುತ್ತದೆ. ಇನ್ನೊಂದು ರ‍್ಯಾಮ್ ಕಡ್ಡಿಯನ್ನು ನಾವೇ ಕೂರಿಸಿದೆವು. ಎಲ್ಲ ಸೇರಿ 25 ದಾಟಲಿಲ್ಲ. ವಿಂಡೋಸ್ ಪ್ರೊ ಪರವಾನಗಿಯ ಕೀ ಫರ್ಮ್‌ವೇರಿನಲ್ಲೇ (ಬೋರ್ಡಿನೊಳಗೇ ಇರುವ ತಂತ್ರಾಂಶದಲ್ಲಿ) ಕೂತಿತ್ತು, ಅದಕ್ಕೆ ಬೇರೆ ಖರ್ಚಿಲ್ಲ.

ಇನ್ನು ಬಯಾಸ್ ಅಪ್‌ಡೇಟ್. ಬಯಾಸ್ ಅಂದರೆ ಮಷೀನ್ ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮೊದಲು ಓಡುವ ಫರ್ಮ್‌ವೇರ್. ಬಿಸಿನೆಸ್ ಲ್ಯಾಪ್‌ಟಾಪಿನ ದೊಡ್ಡ ಗುಣ ಇದೇ ಅಂತ ನನ್ನ ಅಭಿಪ್ರಾಯ. ಅಪ್‌ಡೇಟ್‌ಗಳು ವರ್ಷಗಟ್ಟಲೆ ಬರುತ್ತಿರುತ್ತವೆ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅಂತ ಚಿಪ್ಪಿನೊಳಗಿನ ತೂತುಗಳು ಬಯಲಾದಾಗ ತೇಪೆಯ ಒಂದು ಭಾಗ ಬಯಾಸ್ ಮೂಲಕವೇ ಬಂತು. ಈಗ ಇನ್ನೊಂದಿದೆ. ಮಷೀನ್ ಶುರುವಾಗುವಾಗ ನಂಬದ ತಂತ್ರಾಂಶ ನುಗ್ಗದಂತೆ ತಡೆಯುವುದು ಸೆಕ್ಯೂರ್ ಬೂಟ್. ಅದಕ್ಕೆ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ವಾಯಿದೆ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಹೊಸವನ್ನು ಕೂರಿಸಲು ಕೆಲವು ಮಷೀನ್‌ಗಳಿಗೆ ಬಯಾಸ್ ಅಪ್‌ಡೇಟ್ ಕೂಡ ಬೇಕು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡವರಿಗೂ ಎಷ್ಟೋ ಬಿಸಿನೆಸ್ ಮಾಡೆಲ್‌ಗಳಲ್ಲಿ ಇದೆಲ್ಲ ಎಫ್‌ಡಬ್ಲ್ಯುಅಪ್‌ಡಿ (fwupd) ಅನ್ನುವ ತಂತ್ರಾಂಶದ ಮೂಲಕ ಸಲೀಸಾಗಿ ಆಗುತ್ತದೆ.

ಮನೆಗೆ ತಂದ ರಾತ್ರಿಯೇ ಅಪ್‌ಡೇಟ್ ಹಚ್ಚಿದೆ. ಅರ್ಧಕ್ಕೆ ಬಂದಿರಬೇಕು, ಕರೆಂಟ್ ಹೋಯಿತು. ಚಾರ್ಜರ್ ಸತ್ತಿತು. ಪರದೆಯ ಮೇಲೆ ಮಾತ್ರ ಆಫ್ ಮಾಡಬೇಡಿ ಅನ್ನುವ ಸಾಲು. ಆ ಬ್ಯಾಟರಿಯ ಕಸುವು ಉಳಿದಿದ್ದೇ ನೂರಕ್ಕೆ 61. ಸಂಜೆಯಷ್ಟೇ ರಿಪೋರ್ಟ್ ತೆಗೆದು ನೋಡಿದ್ದೆ. ನಾನೂ ಮಗಳೂ ಉಸಿರು ಬಿಗಿ ಹಿಡಿದು ಕೂತೆವು. ನನ್ನವಳು ಟಾರ್ಚ್ ಹಿಡಿದು ಬಂದು, "ಏನ್ರೀ ಇದು, ಹೆರಿಗೆ ವಾರ್ಡಿನ ಹೊರಗೆ ಕೂತ ಹಾಗೆ ಕೂತಿದ್ದೀರಿ" ಅಂದಳು. ನಾಲ್ಕು ನಿಮಿಷ. ಒಂದು ಸಲ ಪರದೆ ಪೂರ್ತಿ ಕಪ್ಪಾಯಿತು. ಮಗಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಕಂಪನಿ ಲಾಂಛನ ಬಂತು, ವಿಂಡೋಸ್ ಬಂತು. ಡೆಸ್ಕ್‌ಟಾಪ್ ಆಗಿದ್ದರೆ, ಯುಪಿಎಸ್ ಇಲ್ಲದಿದ್ದರೆ, ಅವತ್ತು ಕಥೆ ಮುಗಿಯುತ್ತಿತ್ತು. ಹಳೇ ಬ್ಯಾಟರಿ ಅಂತ ಮೂಗು ಮುರಿಯುವವರಿಗೆ ಇಷ್ಟು ಸಾಕು. ಬ್ಯಾಟರಿ ಹೆಚ್ಚು ದಿನ ಬಾಳಲು ಚಾರ್ಜ್ ನೂರಕ್ಕೆ 80ರಲ್ಲಿ ನಿಲ್ಲುವ ಹಾಗೆ ಸೆಟ್ಟಿಂಗ್ ಇದೆ, ಅದನ್ನು ಹಾಕಿಡಿ.

ವಾರಂಟಿ ಇಲ್ಲ ಅನ್ನುತ್ತಾರೆ. ಹೊಸದಕ್ಕೆ ಸಾಮಾನ್ಯವಾಗಿ ಒಂದು ವರ್ಷ ಇರುತ್ತದೆ. ಕೆಡುವುದು ಹದಿಮೂರನೇ ತಿಂಗಳಿಗೆ. ಕಂಪನಿಯ ಲಾಕ್ ಉಳಿದಿರುತ್ತದೆ, ಅಮೆರಿಕದಲ್ಲಿ ಕೂತು ಯಾರೋ ಬಟನ್ ಒತ್ತುತ್ತಾರೆ ಅಂತಲೂ ಹೆದರಿಸುವವರಿದ್ದಾರೆ. ಇವರು ಗಾಂಧಿ ಬಜಾರಿನಲ್ಲಿ ಬದನೆಕಾಯಿ ಕೊಳ್ಳುವಾಗಲೂ ಒಳಗೆ ಹಾವಿದೆಯಾ ಅಂತ ಕೇಳುತ್ತಾರೇನೋ. ನಾನಂತೂ ಈ ಲೇಖನವನ್ನು ಮಗಳ ಲ್ಯಾಪ್‌ಟಾಪಿನಲ್ಲೇ ಹೊಡೆದೆ. ಅವಳು ವಾಪಸ್ ಕೇಳುತ್ತಿದ್ದಾಳೆ.

ವಿರೋಧ: ಇದು ಯಾರ ಲ್ಯಾಪ್‌ಟಾಪ್?

ಸಂಪಾದಕರು ನೀವು ವಿರೋಧ ಬರೆಯಿರಿ ಅಂದರು. ಪೂರ್ತಿ ವಿರೋಧ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಲ್ಲೇಶ್ವರದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೇ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಹೊಸದು ಐವತ್ತು, ಹಳೇದು ಇಪ್ಪತ್ತೈದು, ಅರ್ಧಕ್ಕರ್ಧ ಉಳಿತಾಯ ಅನ್ನುತ್ತಾರೆ. ನೀವು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾಗಿದ್ದರೆ ಲೆಕ್ಕ ಅಷ್ಟು ನೇರ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ತೆರಿಗೆ 18%. ಐವತ್ತು ಸಾವಿರದಲ್ಲಿ ಸುಮಾರು 7,600 ರೂಪಾಯಿ ತೆರಿಗೆಯೇ. ವ್ಯಾಪಾರಕ್ಕೆ ಬಳಸಿದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಅಂತ ತೆಗೆದುಕೊಂಡು, ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ಹಳೇ ಸರಕನ್ನು ಮಾರ್ಜಿನ್ ಸ್ಕೀಮಿನಲ್ಲಿ ಮಾರುವ ಅಂಗಡಿಯವರು ತಮ್ಮ ಲಾಭದ ಮೇಲಷ್ಟೇ ತೆರಿಗೆ ಕಟ್ಟುತ್ತಾರೆ. ನಿಮಗೆ ಕ್ರೆಡಿಟ್ ಸಿಗುವುದಿಲ್ಲ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ 40% ಸವಕಳಿ (ಹಳತಾದಂತೆ ಇಳಿಯುವ ಬೆಲೆಯನ್ನು ಖರ್ಚಾಗಿ ಕಳೆಯುವುದು) ಇದೆ, ಬಿಲ್ ಇದ್ದರೆ ತಾನೆ? "ಬಿಲ್ ಬೇಕಂದ್ರೆ ಎರಡು ಸಾವಿರ ಜಾಸ್ತಿ ಆಗುತ್ತೆ ಮೇಡಂ" ಅನ್ನುವ ಮಾತು ಕೇಳದ ನನ್ನ ಕಕ್ಷಿದಾರರೇ ಇಲ್ಲ. ಇದು ವ್ಯಾಪಾರಿಗಳ ಮಾತಾಯಿತು. ಮನೆಗೆ ಕೊಳ್ಳುವವರಿಗೆ ಈ ವಾದ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ.

ಹಳೇದನ್ನು ಸರಿಪಡಿಸಿ ಮಾರುವಾಗ ಹೇಳುವ ರೀಫರ್ಬಿಶ್ಡ್ ಅನ್ನುವ ಪದದ ಬಗ್ಗೆಯೂ ತಕರಾರಿದೆ. ಬೋರ್ಡ್ ಪರೀಕ್ಷಿಸಿ, ಬ್ಯಾಟರಿ ಬದಲಿಸಿ ಕೊಟ್ಟರೂ ರೀಫರ್ಬಿಶ್ಡ್. ಸ್ಪಿರಿಟ್ ಹಚ್ಚಿ ಒರೆಸಿ ಹೊಸ ಸ್ಟಿಕ್ಕರ್ ಅಂಟಿಸಿದರೂ ರೀಫರ್ಬಿಶ್ಡ್. ಎ ಗ್ರೇಡ್, ಬಿ ಗ್ರೇಡ್ ಎಲ್ಲ ಅಂಗಡಿಯವರು ತಮಗೆ ತಾವೇ ಹಾಕಿಕೊಂಡ ಮಾರ್ಕು. ಬ್ಯಾಟರಿ ಬೇರೆ ಹಾಕಿಸಿಕೊಳ್ಳಿ ಅನ್ನುತ್ತಾರೆ. ಹಳೇ ಮಾಡೆಲಿಗೆ ಬೀದಿಯಲ್ಲಿ ಸಿಗುವ ಬ್ಯಾಟರಿಯ ಮೇಲೆ ದೊಡ್ಡ ಹೆಸರಿರುತ್ತದೆ, ಒಳಗಿನ ಸೆಲ್ ಯಾರದೋ.

ಕೀಬೋರ್ಡ್ ಮೇಲೆ ನೀರು ಚೆಲ್ಲಿದರೂ ಕೆಳಗಿಂದ ಹರಿದು ಹೋಗುತ್ತದೆ, ಮಿಲಿಟರಿ ಪರೀಕ್ಷೆ ಪಾಸಾಗಿದೆ ಅಂತೆಲ್ಲ ಹೊಗಳುತ್ತಾರೆ. ಇರಲಿ. ನಾವೇನು ಅದಕ್ಕೆ ಅಭಿಷೇಕ ಮಾಡುತ್ತೇವಾ? ಸಿಯಾಚಿನ್‌ಗೆ ಒಯ್ಯುತ್ತೇವಾ?

ಫರ್ಮ್‌ವೇರ್ ಅಪ್‌ಡೇಟ್ ವರ್ಷಗಟ್ಟಲೆ ಬರುತ್ತದೆ, ನಿಜ. ಹಾಕಬೇಕಾದವರು ಯಾರು? ಕಂಪನಿಯಲ್ಲಾದರೆ ಅದಕ್ಕೊಂದು ತಂಡವೇ ಇರುತ್ತದೆ. 2017ರಿಂದ 2019ರ ನಡುವಿನ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ (ವೇಗದ ಸಂಪರ್ಕದ ವ್ಯವಸ್ಥೆ) ಫರ್ಮ್‌ವೇರಿನ ದೋಷದಿಂದ ಯುಎಸ್‌ಬಿ-ಸಿ ಪೋರ್ಟು ಕೈಕೊಡುತ್ತಿತ್ತು. ಕೆಲವದರಲ್ಲಿ ಚಾರ್ಜ್ ಆಗುವುದೇ ಆ ತೂತಿನಿಂದ. ಲೆನೊವೊ ತಿದ್ದಿದ ಫರ್ಮ್‌ವೇರ್ ಕೊಟ್ಟಿತು. ಆದರೆ ಕೆಡುವ ಮೊದಲೇ ಹಾಕಿರಬೇಕು. ತಡವಾದರೆ ಮದರ್‌ಬೋರ್ಡನ್ನೇ ಬದಲಿಸಬೇಕಾಗಬಹುದು. ಹಿಂದಿನವರು ಹಾಕಿದ್ದರಾ ಅಂತ ಅಂಗಡಿಯಲ್ಲಿ ಕೇಳಿ ನೋಡಿ, ಸುಮ್ನೆ ನಿಮ್ಮ ಮುಖ ನೋಡುತ್ತಾರೆ.

ಈಗ ಅಕ್ಕನ ಮಗನ ಕಥೆ. ಅವನೊಂದು ತಂದ, ಚೆನ್ನಾಗಿತ್ತು. ಎರಡು ತಿಂಗಳಿಗೆ ನಿಧಾನ ಆಯಿತು ಅಂತ ರೀಸೆಟ್ ಹೊಡೆದ. ಮತ್ತೆ ಶುರುವಾದಾಗ ಯಾವುದೋ ಕಂಪನಿಯ ಸ್ವಾಗತ ಪರದೆ. ನಿಮ್ಮ ಆಫೀಸ್ ಇಮೇಲ್ ಹಾಕಿ ಅನ್ನುತ್ತಿದೆ. "ಚಿಕ್ಕಮ್ಮ, ಇದು ನನ್ನದಾ ಅವರದಾ?" ಅಂತ ಫೋನ್ ಮಾಡಿದ. ಆಮೇಲೆ ತಿಳಿಯಿತು, ಇದಕ್ಕೆ ವಿಂಡೋಸ್ ಆಟೋಪೈಲಟ್ ಅನ್ನುತ್ತಾರೆ. ಕಂಪನಿಯವರು ಮಷೀನಿನ ಗುರುತನ್ನು ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿ ದಾಖಲಿಸಿರುತ್ತಾರೆ. ಮಾರುವಾಗ ತೆಗೆಸಬೇಕು. ಮರೆತರೆ ಇಂಟರ್ನೆಟ್ ಇಟ್ಟುಕೊಂಡು ರೀಸೆಟ್ ಮಾಡಿದಾಗ ಹಳೇ ಯಜಮಾನರೇ ಬಾಗಿಲಲ್ಲಿ ನಿಂತಿರುತ್ತಾರೆ. ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ, ಗುರುತು ಬೋರ್ಡಿನದು. ಅಂಗಡಿಯವರು ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರಿಂದ ಮೊದಲು ಕಾಣಿಸಿರಲಿಲ್ಲ. ಬಯಾಸ್ ಪಾಸ್‌ವರ್ಡ್ ಉಳಿದಿದ್ದರೆ ಅದು ಇನ್ನೊಂದು ಪಾಡು. ಒಳಗಿನ ನಾಣ್ಯದಂಥ ಸೆಲ್ ತೆಗೆದು ಹಾಕಿದರೆ ಅಳಿಸಿ ಹೋಗುತ್ತಿದ್ದ ಕಾಲ ಬಿಸಿನೆಸ್ ಮಾಡೆಲ್‌ಗಳಲ್ಲಿ ಬಹುಮಟ್ಟಿಗೆ ಮುಗಿದಿದೆ.

ಅವನು ಅಂಗಡಿಗೆ ನಾಲ್ಕು ಸಲ ಓಡಾಡಿದ. ಮೊದಲ ಸಲ ನೀವೇ ಏನೋ ಮಾಡಿದ್ದೀರಿ ಅಂದರು. ಎರಡನೇ ಸಲ ಹುಡುಗ ಊಟಕ್ಕೆ ಹೋಗಿದ್ದಾನೆ ಅಂದರು. ನಾಲ್ಕನೇ ಸಲ ನಾನೂ ಹೋದೆ. ಬಿಲ್ ತೋರಿಸಿದೆ (ನನ್ನ ಪುಣ್ಯಕ್ಕೆ ಇಸ್ಕೊಂಡಿದ್ದ). ಎರಡು ಸಾವಿರ ಮೇಲೆ ಕೊಟ್ಟು ಬೇರೆ ಮಷೀನ್ ತಂದೆವು. ಈ ಸಲ ಅಂಗಡಿಯ ಕೌಂಟರ್ ಮೇಲೇ, ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ರೀಸೆಟ್ ಮಾಡಿಸಿದೆ. ಬಯಾಸ್ ಒಳಗೂ ಹೋಗಿ ನೋಡಿದೆವು. ಮುಕ್ಕಾಲು ಗಂಟೆ ನಿಂತಿದ್ದೆ, ಅಂಗಡಿಯವರೇ ಪಾಪ ಕಾಫಿ ತರಿಸಿದರು.

ಅದು ಚೆನ್ನಾಗೇ ಓಡುತ್ತಿದೆ. ಕ್ಯಾಮೆರಾ ಮಾತ್ರ ಮಂಜು. ವಿಡಿಯೋ ಕಾಲ್‌ನಲ್ಲಿ ಅಕ್ಕ ಇನ್ನೂ ಕೇಳುತ್ತಾಳೆ, ಇವನ್ಯಾಕೆ ಇಷ್ಟು ಕಪ್ಪಗಾಗಿದ್ದಾನೆ ಅಂತ.