ಕರೆಯದೆ ಬರುವವರಿಗೆ ಪಾಸ್ ಕಡ್ಡಾಯ

1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ದೊಡ್ಡದೊಂದು ಕಲಾ ಉತ್ಸವ ಶುರುವಾದಾಗ ಎಂಟು ನಾಟಕ ತಂಡಗಳು ಯಾರೂ ಕರೆಯದಿದ್ದರೂ ಹೋಗಿ, ಸಿಕ್ಕ ಜಾಗದಲ್ಲಿ ಆಡಿದವು. ಫ್ರಿಂಜ್ ಉತ್ಸವ ಹುಟ್ಟಿದ್ದು ಹಾಗೆ. ಇವತ್ತಿಗೂ ಅಲ್ಲಿ ಯಾರು ಆಡಬೇಕೆಂದು ನಿರ್ಧರಿಸುವ ಆಯ್ಕೆ ಸಮಿತಿ ಇಲ್ಲ. ಜಾಗ ಹೊಂದಿಸಿಕೊಂಡು, ನೋಂದಣಿ ಶುಲ್ಕ ಕಟ್ಟಿದರೆ ಮುಗಿಯಿತು. ಇಷ್ಟನ್ನು ಓದಿ ತಿಳಿದುಕೊಂಡ ನಮ್ಮ ಕಡೆಯ ವಿಶ್ವವಿದ್ಯಾಲಯ ಮಾಡುವ ಮೊದಲ ಕೆಲಸ ಆಯ್ಕೆ ಸಮಿತಿಯ ರಚನೆ. ಕರೆಯದೆ ಬರುವವರು ಯಾರು, ಎಷ್ಟು ಮಂದಿ ಎಂಬುದು ಮೊದಲೇ ಗೊತ್ತಾಗದಿದ್ದರೆ ಊಟದ ಲೆಕ್ಕ ತಪ್ಪುತ್ತದಲ್ಲ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇನ್ನು ಯಾರಿಗಾದರೂ ಫ್ರಿಂಜ್ ಉತ್ಸವ ಮಾಡುವ ಹುಕಿ ಬಂದಿದ್ದರೆ ಅವರ ಅನುಕೂಲಕ್ಕಾಗಿ ಈ ಮಾರ್ಗದರ್ಶಿ.

ಮೊದಲು ದಿನಾಂಕ. ಅನುದಾನ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗುತ್ತದೆ, ಮಂಜೂರಾತಿ ಪತ್ರ ಫೆಬ್ರವರಿ ಮುಗಿಯುವಾಗ ಕೈಸೇರುತ್ತದೆ. ಹಾಗಾಗಿ ಉತ್ಸವ ಮಾರ್ಚಿನಲ್ಲೇ. ಸಾಮಾನ್ಯವಾಗಿ ಹೋಳಿಯೂ ಆಗಲೇ. ಹುಬ್ಬಳ್ಳಿಯಲ್ಲಿ ಬಣ್ಣದ ಗದ್ದಲ ರಂಗಪಂಚಮಿಯತನಕ ನಡೆಯುವುದರಿಂದ ಹಲಗಿ, ಜಗ್ಗಲಿಗಿ ಬಾರಿಸುವವರಿಗೆ ವರ್ಷದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ವಾರ ಅದು. ಸಮಿತಿ ಸರಿಯಾಗಿ ಆ ವಾರವನ್ನೇ ಹಿಡಿಯುತ್ತದೆ. ವಿದ್ಯಾರ್ಥಿಗಳಿಗೆ ಇಂಟರ್ನಲ್ಸ್ ಇರುವುದೂ ಅದೇ ವಾರ. ಖಾಲಿ ಕುರ್ಚಿಗಳ ಚಿಂತೆ ಬೇಡ, ‘ಹಾಜರಾತಿ ಕಡ್ಡಾಯ’ ಎಂಬ ಒಂದು ಸುತ್ತೋಲೆ ಸಾಕು.

ಮುಂದಿನದು ಉಪಸಮಿತಿಗಳು. ಹದಿನೇಳಕ್ಕಿಂತ ಕಡಿಮೆ ಇರಬಾರದು. ಶಿಷ್ಟಾಚಾರ, ಹಾರ-ತುರಾಯಿ, ಬ್ಯಾಡ್ಜು, ನೆನಪಿನ ಕಾಣಿಕೆ, ವೇದಿಕೆ ಶಿಸ್ತು, ಉಪಾಹಾರ, ಉಪಾಹಾರ ಮೇಲುಸ್ತುವಾರಿ… ಹೀಗೆ ಇಳಿಯುತ್ತ ಹೋಗಿ ವಾಹನ ನಿಲುಗಡೆಯ ಕೆಳಗೆ ‘ಕಲಾಪ್ರದರ್ಶನ’ ಎಂಬುದೊಂದು ಬರುತ್ತದೆ. ಹದಿನೇಳರಲ್ಲೂ ಅದೇ ಒಂಬತ್ತು ಹೆಸರು ಹಿಂದುಮುಂದಾಗಿ ಇರುತ್ತವೆ. ಆದರೆ ಉತ್ಸವ ಮಾಡುವ ತಂಡ ಬೇರೆಯೇ ಇದೆ: ಸಂಬಳ ಯಾವಾಗ ಆಗುತ್ತದೆಂದು ಗೊತ್ತಿಲ್ಲದ ಒಬ್ಬ ಅತಿಥಿ ಉಪನ್ಯಾಸಕ, ಪ್ರಬಂಧ ಬದಿಗಿಟ್ಟು ಬಂದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಎಂ.ಎ. ಓದುವ ಆರು ಹುಡುಗ-ಹುಡುಗಿಯರು ಮತ್ತು ಯಾವ ಕೋಣೆಯ ಕೀಲಿ ಯಾರ ಜೇಬಿನಲ್ಲಿದೆ ಎಂದು ಬಲ್ಲ ಏಕಮಾತ್ರ ಸಿಪಾಯಿ. ದೀಪದ ಐದೂ ಬತ್ತಿಗಳನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಕರ್ಪೂರದ ಪುಡಿ ಸವರದಿದ್ದರೆ ಗಣ್ಯರ ಕೈಯಲ್ಲಿ ಅವು ಹತ್ತುವುದಿಲ್ಲವೆಂದು ಬಲ್ಲವರು ಇವರೇ. ಪೆಡೆಸ್ಟಲ್ ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ ಹುಡುಗನ ಮೇಲೆ ಆ ದಿನದ ಇಡೀ ಉದ್ಘಾಟನೆ ನಿಂತಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಇವರ್ಯಾರ ಹೆಸರೂ ಇರುವುದಿಲ್ಲ. ಅಚ್ಚಾದ ಮೇಲೆ ಎರಡು ಹೆಸರು ಬಿಟ್ಟುಹೋಗಿದೆಯೆಂದು ಗೊತ್ತಾಗಿ ಪತ್ರಿಕೆ ಮತ್ತೆ ಅಚ್ಚಾಗುತ್ತದೆ. ಬಿಟ್ಟುಹೋದವರು ಸಿಂಡಿಕೇಟ್ ಸದಸ್ಯರು, ಇವರಲ್ಲ.

ಇನ್ನು ಆಯ್ಕೆ. ಅರ್ಜಿ ಮೂರು ಪ್ರತಿ, ವಿಭಾಗ ಮುಖ್ಯಸ್ಥರ ರುಜು, ‘ಯಾರ ಭಾವನೆಗೂ ಧಕ್ಕೆ ತರುವುದಿಲ್ಲ’ ಎಂಬ ಮುಚ್ಚಳಿಕೆ, ಸಂಭಾಷಣೆಯ ಪೂರ್ಣ ಪ್ರತಿ 15 ದಿನ ಮೊದಲು. ಮೂಕಾಭಿನಯದ ತಂಡಕ್ಕೂ ಇದೇ ನಿಯಮ. ಮಾತೇ ಇಲ್ಲದ ಪ್ರದರ್ಶನಕ್ಕೆ ಸಂಭಾಷಣೆ ಎಲ್ಲಿಂದ ತರೋದು ಎಂದು ಕೇಳಿದರೆ ‘ಇಲ್ಲ ಅಂತ ಬರೆದು ಕೊಡ್ರಿ’ ಎಂಬ ಉತ್ತರ ಬರುತ್ತದೆ. ಬರೆದು ಕೊಟ್ಟರೆ, ಪ್ರತಿ ಪುಟಕ್ಕೂ ಸಹಿ ಇಲ್ಲವೆಂದು ಅದು ವಾಪಸ್. ಉಳಿದ ನಿಯಮಗಳನ್ನು ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಕೈಪಿಡಿಯಿಂದ ಹಾಗೆಯೇ ಇಳಿಸಿಕೊಳ್ಳಬೇಕು: ಏಕಾಂಕಕ್ಕೆ 30 ನಿಮಿಷ, ರಂಗದ ಮೇಲೆ ಒಂಬತ್ತು, ಪಕ್ಕದಲ್ಲಿ ಮೂರು ಜನ. ಸ್ಪರ್ಧೆಗೆ ಆ ನಿಯಮ ಸರಿಯೇ. ಸ್ಪರ್ಧೆಯೇ ಅಲ್ಲದ ಕಡೆ ಹತ್ತನೆಯ ನಟನನ್ನು ಏಕೆ ಹೊರಗೆ ಕೂರಿಸಿದಿರಿ ಎಂದು ಮಾತ್ರ ಯಾರೂ ಕೇಳಬಾರದು.

ಈಗ ವೇಳಾಪಟ್ಟಿ, ಇಡೀ ಉತ್ಸವದ ಅತ್ಯಂತ ಸೃಜನಶೀಲ ಭಾಗ. ಬೆಳಗ್ಗೆ 10.30ರಿಂದ ಸಂಜೆ 5.30, ಒಟ್ಟು 420 ನಿಮಿಷ. ಪೆನ್ನು ಹಿಡಿಯಿರಿ. ಉದ್ಘಾಟಕರು ಬರುವುದು 11.50ಕ್ಕೆ. ನಾಡಗೀತೆ, ದೀಪ 15 ನಿಮಿಷ. ಸ್ವಾಗತ, ಪ್ರಾಸ್ತಾವಿಕ 25. ಒಂಬತ್ತು ಸನ್ಮಾನ, ತಲಾ ಮೂರು ನಿಮಿಷದಂತೆ (ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೊ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಶಾಲು) 27. ಏಳು ಭಾಷಣ, ‘ಎರಡೇ ಮಾತು’ ಎಂದು ಶುರುವಾಗಿ ತಲಾ 12ರಂತೆ 84. ಅಧ್ಯಕ್ಷರಿಗೆ 35. ವಂದನಾರ್ಪಣೆ 10. ಮಧ್ಯಾಹ್ನ 3.06ಕ್ಕೆ ಊಟ. ಸಮಾರೋಪ 4.30ಕ್ಕೆ, ಅದನ್ನು ಮುಂದೂಡುವಂತಿಲ್ಲ, ಮುಖ್ಯ ಅತಿಥಿಗೆ ರೈಲಿದೆ. ಊಟ ಮುಗಿದು ನಾಲ್ಕು ಗಂಟೆಗೆ ಪರದೆ ಎದ್ದರೆ ಕಲೆಗೆ ಉಳಿಯುವುದು 30 ನಿಮಿಷ, ಬಂದ ತಂಡಗಳು 14. ಒಂದೊಂದಕ್ಕೆ ಎರಡು ನಿಮಿಷ, ಎಂಟು ಸೆಕೆಂಡು. ನಾಡಗೀತೆಗೇ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ನಿಗದಿ ಮಾಡಿದೆ.

ದೊಡ್ಡಾಟದವರ ಗತಿ ಹೇಳಬೇಕು. ಕಿರೀಟ, ಭುಜಕೀರ್ತಿ, ಮುಖದ ಬಣ್ಣ ಎಲ್ಲ ಕೂಡಲು ಎರಡು ತಾಸಾದರೂ ಹಿಡಿಯುತ್ತದೆ. ಆಟ ಊರಲ್ಲಾದರೆ ರಾತ್ರಿ ಹತ್ತರ ಮೇಲೆ ಶುರುವಾಗಿ ಕೋಳಿ ಕೂಗುವತನಕ. ಉತ್ಸವದಲ್ಲಿ ಅದಕ್ಕೆ ಅವಕಾಶವಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನದ ಮಟ್ಟಿಗೆ ಮಧ್ಯರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಮುಚ್ಚಿದ ಸಭಾಂಗಣದ ಒಳಗೆ ಆ ತಕರಾರೇ ಇಲ್ಲ. ಆ ಸಾಲು ಓದುವುದು ಯಾವ ಉಪಸಮಿತಿಯ ವ್ಯಾಪ್ತಿಗೂ ಬರುವುದಿಲ್ಲ. ಹೀಗಾಗಿ ನಾಲ್ಕು ಗಂಟೆಯ ರಣಬಿಸಿಲಿನ ಹೊತ್ತಿನಲ್ಲಿ ಗಣಪತಿ ಸ್ತುತಿಯ ಮೊದಲ ನುಡಿ ಮುಗಿಯುವ ಮೊದಲೇ ಗಂಟೆ ಬಾರಿಸುತ್ತದೆ. ಅರ್ಜುನ ಪಾತ್ರಧಾರಿ ಪೂರ್ತಿ ಬಣ್ಣ ಹಚ್ಚಿಕೊಂಡು ಪ್ರಮಾಣಪತ್ರ ತೆಗೆದುಕೊಳ್ಳಲು ಮಾತ್ರ ರಂಗಕ್ಕೆ ಬರುತ್ತಾನೆ.

ರಂಗವಾದರೂ ಎಲ್ಲಿದೆ? ಸೆಮಿನಾರ್ ಹಾಲಿನ ವೇದಿಕೆಯ ಮುಂಭಾಗವನ್ನು 14 ಕುರ್ಚಿ, ಜೋಡಿಸಿದ ಮೇಜು, ಜಮಖಾನೆ ಹಿಡಿದಿರುತ್ತವೆ. ಅವನ್ನು ತೆಗೆಯಲು 20 ನಿಮಿಷ ಬೇಕು, ಅಂದರೆ ಒಂಬತ್ತು ತಂಡಗಳ ಕಾಲಾವಧಿ. ಹಿಂದಿನ ಗೋಡೆಗೆ 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿರುವುದರಿಂದ ಬಿಲ್ಲಿನಲ್ಲಿ ಅದನ್ನು ‘ಬಟ್ಟೆಯ ಬ್ಯಾನರ್’ ಎಂದು ಬರೆಯತಕ್ಕದ್ದು. ಕಣ್ಣಿ ಕಣ್ಣಿಗೂ ಬೈಂಡಿಂಗ್ ವೈರ್ ಬಿಗಿದು, ಕಪ್ಪು ಪರದೆಯ ಹಗ್ಗಕ್ಕೇ ಕಟ್ಟಿಬಿಟ್ಟಿರುತ್ತಾರೆ. ಪರದೆ ಎಳೆದರೆ ಫ್ಲೆಕ್ಸೂ ಬರುತ್ತದೆ. ಹಾಗಾಗಿ ಸ್ಮಶಾನದ ದೃಶ್ಯವೂ ನಡೆಯುವುದು ಹತ್ತೊಂಬತ್ತು ಗಣ್ಯರ ನಗುಮುಖಗಳ ಎದುರಿಗೇ. ಹೆಣ ಬಿದ್ದಿರುತ್ತದೆ, ಹಿಂದಿನಿಂದ ಮಾನ್ಯ ಕುಲಸಚಿವರು ಕೈಮುಗಿದಿರುತ್ತಾರೆ.

ಬೆಳಕಿನದು ಸರಳ ಗಣಿತ. ಸಾವಿರ ವಾಟಿನ 12 ಪಾರ್ ಲೈಟೆಂದರೆ 12 ಕಿಲೋವಾಟ್. 230 ವೋಲ್ಟಿನ ಒಂದೇ ಫೇಸಿಗೆ ಹಾಕಿದರೆ ಸುಮಾರು 52 ಆಂಪಿಯರ್. ಹಾಲಿನ ಬೋರ್ಡಿನಲ್ಲಿರುವ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) 32 ಆಂಪಿಯರಿನದ್ದು. ತ್ರೀ ಫೇಸ್ ತೆಗೆದುಕೊಂಡು ನಾಲ್ಕು ನಾಲ್ಕು ಹಂಚಿದರೆ ಫೇಸಿಗೆ ಹದಿನೇಳೂವರೆ ಕೂಡ ದಾಟುವುದಿಲ್ಲ, ಆರಾಮಾಗಿ ನಡೆಯುತ್ತದೆ. ಲೈಟಿನ ಹುಡುಗ ಹಂಚಿಯೇ ಹಂಚುತ್ತಾನೆ. ಗಣ್ಯರ ವಿಶ್ರಾಂತಿ ಕೋಣೆಯ ಎ.ಸಿ. ಮತ್ತು ಚಹಾದ ಬಾಯ್ಲರನ್ನು ಅದರಲ್ಲೊಂದು ಫೇಸಿಗೆ ತಗುಲಿಸುವವರು ಉಪಾಹಾರ ಮೇಲುಸ್ತುವಾರಿ ಉಪಸಮಿತಿಯವರು. ಡಿಮ್ಮರ್ ಇರುವ ಫೇಸಿನಲ್ಲೇ ಸೌಂಡಿನ ಮಿಕ್ಸರೂ ಸಿಕ್ಕಿಕೊಂಡರೆ ಬೆಳಕು ಕುಗ್ಗಿದಾಗಲೆಲ್ಲ ಸ್ಪೀಕರಿನಿಂದ ‘ಗುಂಯ್’ ಎಂಬ ಶ್ರುತಿ ಹೊರಡುತ್ತದೆ. ಅದನ್ನು ತಂಬೂರಿಯೆಂದು ತಿಳಿದ ಗಣ್ಯರೊಬ್ಬರು, ಇದು ಮಲ್ಲಿಕಾರ್ಜುನ ಮನ್ಸೂರರ ನೆಲ, ಗಾಳಿಯಲ್ಲೇ ಸಂಗೀತವಿದೆ ಎಂದು ಮೆಚ್ಚಿಕೊಳ್ಳುತ್ತಾರೆ. ಎತ್ತಿನಗಾಡಿಯ ಚಕ್ರದ ಬಳೆಗೆ ಚರ್ಮ ಬಿಗಿದ ಜಗ್ಗಲಿಗಿಗೂ ಒಂದು ಮೈಕ್ ಇಡುತ್ತಾರೆಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗೋಣ.

ಇಷ್ಟೆಲ್ಲ ಯಾತಕ್ಕೆಂದರೆ ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ. ಏಳನೇ ಮಾನದಂಡದಲ್ಲಿ ಎರಡು ‘ಉತ್ತಮ ರೂಢಿ’ಗಳನ್ನು ತೋರಿಸಬೇಕು, ಜಿಯೋಟ್ಯಾಗ್ ಇರುವ ಫೋಟೊ ಸಮೇತ. ಫೋಟೊದ ಮೂಲೆಯಲ್ಲಿ ಧಾರವಾಡದ ಅಕ್ಷಾಂಶ 15.4 ಚಿಲ್ಲರೆ ಎಂದು ಮೂಡಬೇಕು. ಕಾಂಕ್ರೀಟ್ ತಾರಸಿಯ ಕೆಳಗೆ ಮೊಬೈಲಿಗೆ ಉಪಗ್ರಹ ಸರಿಯಾಗಿ ಸಿಗುವುದಿಲ್ಲ, ಸಭಾಂಗಣ ಹೋಗಿ ಕೆಲಗೇರಿ ಕೆರೆಯ ನಡುವೆ ಕೂರುತ್ತದೆ. ಆಗ ಆಡುತ್ತಿರುವ ತಂಡವನ್ನು ಅರ್ಧಕ್ಕೆ ನಿಲ್ಲಿಸಿ, ಹೊರಗೆ ಬಿಸಿಲಿಗೆ ಕರೆದೊಯ್ದು, ‘ಹಂಗ ಆಡಿದಂಗ ಮಾಡ್ರಿ’ ಎನ್ನಬೇಕು. ಆಡಿದಂತೆ ಮಾಡಲು ಅವರಿಗೆ ಹೇಳಿಕೊಡಬೇಕಿಲ್ಲ, ಅವರು ನಟರು.

ಸಂಭಾವನೆಯ ಕಾಗದಗಳು: ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್. ಸ್ಟ್ಯಾಂಪ್ ಬೇಕಾಗುವುದು 5,000 ರೂಪಾಯಿ ಮೀರಿದ ರಶೀದಿಗೆ. ಗುಮಾಸ್ತರು ಐನೂರಕ್ಕೂ ಕೇಳುತ್ತಾರೆ. ಪ್ರಯಾಣ ಭತ್ಯೆಗೆ ಬಸ್ ಟಿಕೆಟ್ ಲಗತ್ತಿಸಬೇಕು. ಹಾವೇರಿ ಕಡೆಯಿಂದ ಸೋಬಾನ ಹಾಡಲು ಬಂದ ಹೆಣ್ಣುಮಕ್ಕಳದ್ದು 2023ರಿಂದ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಟಿಕೆಟಿನಲ್ಲಿ ಸೊನ್ನೆ ಇದ್ದ ಮೇಲೆ ವೋಚರಿನಲ್ಲೂ ಸೊನ್ನೆಯೇ. ಊರಿಂದ ಬಸ್‌ ಸ್ಟ್ಯಾಂಡಿಗೆ, ಬಸ್‌ ಸ್ಟ್ಯಾಂಡಿಂದ ಇಲ್ಲಿಗೆ ಕೊಟ್ಟ ಆಟೊ ದುಡ್ಡಿಗೆ ಆಟೊದವ ಟಿಕೆಟ್ ಹರಿದು ಕೊಡುವುದಿಲ್ಲ.

ಅದೇ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ ಶೇಷಗಿರಿ ಎಂಬ ಹಳ್ಳಿಯಿದೆ. ರೈತಾಪಿ ಜನ ಹೊಲದ ಕೆಲಸ ಮುಗಿಸಿ ಬಂದು ತಾಲೀಮು ಮಾಡಿ ನಾಟಕ ಆಡುತ್ತಾರೆ, ಹೊರಗಿನ ತಂಡಗಳನ್ನೂ ಕರೆಸುತ್ತಾರೆ. ಅಲ್ಲಿ ಹೋಗಿ ಕಲಿತು ಬರುವ ಪ್ರಸ್ತಾವ ಇಡಬಹುದು. ಅಧ್ಯಯನ ಪ್ರವಾಸಕ್ಕೆ ಹದಿನೆಂಟನೆಯ ಉಪಸಮಿತಿ ಆಗುತ್ತದೆ.

ಕೊನೆಗೆ ಹಲಗಿ. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡದಿದ್ದರೆ ಹಲಗಿ ಮಾತಾಡುವುದಿಲ್ಲ. ಇದು ಸಮಿತಿಗೆ ತಿಳಿಯುವುದು ಮೇಳದ ಹಿರಿಯ ಬಂದು ಕೇಳಿದಾಗ.

“ಸರ, ಹಲಗಿ ಕಾಸಬೇಕ್ರಿ. ಒಂದ್ ಹಿಡಿ ಹುಲ್ಲು ಸಿಗತೈತೇನ್ರಿ?”

“ಕಾಕಾ, ಇಲ್ಲಿ ಬೆಂಕಿ ಹಚ್ಚಂಗಿಲ್ಲ. ಫೈರ್ ಎನ್ಓಸಿ ತಗೊಂಡೀವಿ.”

“ಹಂಗಾರ ಬಿಸಲಾಗರ ಇಡ್ತೀವ್ರಿ.”

“ಬಿಸಲಾಗ ವಿಐಪಿ ಕಾರ್ ನಿಂತಾವಲ್ಲ.”

ಇಸ್ತ್ರಿ ಪೆಟ್ಟಿಗೆ ತಂದುಕೊಡುವ ಸಲಹೆಯೂ ಬರುತ್ತದೆ. ಇಸ್ತ್ರಿ ಚರ್ಮವನ್ನು ಒಂದೇ ಕಡೆ ಸುಡುತ್ತದೆ. ಬೇಕಾದದ್ದು ಸುತ್ತಲೂ ಸಮನಾಗಿ ತಾಗುವ ತೆಳು ಉರಿ. ಮೇಳದವರು ಗೇಟಿನಾಚೆ ಹೋಗುತ್ತಾರೆ. ಅಲ್ಲಿ ಆಯ್ಕೆಯಾಗದ ಹುಡುಗರ ಗುಂಪೊಂದು, ಒಳಗೆ ಹೋಗಲು ಪಾಸ್ ಇಲ್ಲವೆಂದು ಕಾವಲುಗಾರ ತಡೆದ ಜಾಗದಲ್ಲೇ, ಬೀದಿ ನಾಟಕ ಶುರುಮಾಡಿರುತ್ತದೆ. ಹಾಸ್ಟೆಲ್ ಶುಲ್ಕದ ಮೇಲೆ. ಸುತ್ತ ಜನ, ಗಿರ್ಮಿಟ್ ಗಾಡಿಯವನೂ ಸೇರಿ.

ಎಂ.ಎ. ಹುಡುಗರು ಸ್ಟೋರ್ ರೂಮಿನಿಂದ ರದ್ದಾದ ಮೊದಲ ಆಮಂತ್ರಣ ಪತ್ರಿಕೆಗಳ ಕಟ್ಟು ಹೊತ್ತು ತರುತ್ತಾರೆ. ಹತ್ತುವುದಿಲ್ಲ. 300 ಜಿಎಸ್‌ಎಂನ ದಪ್ಪ ಕಾರ್ಡು, ಮೇಲೆ ಮ್ಯಾಟ್ ಲ್ಯಾಮಿನೇಷನ್. ಕರಗಿ ಹೊಗೆಯಾಗುತ್ತದೆ, ಉರಿಯಾಗುವುದಿಲ್ಲ. ಫ್ಲೆಕ್ಸಿನ ಮಾತೇ ಬೇಡ. ಚೆನ್ನಾಗಿ ಉರಿಯುವುದು 70 ಜಿಎಸ್‌ಎಂನ ಸಾದಾ ಎ4 ಹಾಳೆ, ಅದು ಅದೇ ಸ್ಟೋರ್ ರೂಮಿನ ಕಪಾಟಿನಲ್ಲಿ ಹೇರಳವಾಗಿ ಇರುತ್ತದೆ. ಐದು ನಿಮಿಷದಲ್ಲಿ ಹಲಗಿ ಕಾಯುತ್ತದೆ. ಬೀದಿ ನಾಟಕಕ್ಕೆ ಮೇಳದವರೇ ಹಿನ್ನೆಲೆ ಬಾರಿಸುತ್ತಾರೆ. ಹಾಜರಾತಿ ಹಾಕಿ ಕೂತವರು ಹಿಂಬಾಗಿಲಿನಿಂದ ಎದ್ದು ಬರುತ್ತಾರೆ.

ಬಯಲಲ್ಲಿ ಜಿಯೋಟ್ಯಾಗ್ ಕೂಡ ತಪ್ಪಿಲ್ಲದೆ ಮೂಡುತ್ತದೆ. ವರದಿಯ ಮುಖಪುಟಕ್ಕೆ ಹೋಗುವುದು ಆ ಫೋಟೊವೇ, ‘ವಿದ್ಯಾರ್ಥಿಗಳ ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆ’ ಎಂಬ ಅಡಿಬರಹದೊಂದಿಗೆ. ಬೀದಿ ನಾಟಕದ ಹುಡುಗರಿಗೆ ಅದೇ ದಿನಾಂಕದ ಶೋಕಾಸ್ ನೋಟಿಸ್ ಪ್ರತ್ಯೇಕ ಹೋಗಿರುತ್ತದೆ.

ಜೂನಿನಲ್ಲಿ ಆಡಿಟ್‌ನವರು ಬರುತ್ತಾರೆ. ಖರ್ಚಿನ ಬಗ್ಗೆ ಅವರ ಆಕ್ಷೇಪಣೆ ಏನೂ ಇರುವುದಿಲ್ಲ, ಕೊಟೇಶನ್ ಮೂರೂ ಸರಿಯಾಗಿರುತ್ತವೆ. ಹದಿನೇಳು ಉಪಸಮಿತಿಗಳ ಸಭಾ ನಡಾವಳಿಯ ಮೂಲ ಪ್ರತಿಗಳನ್ನು ಮಾತ್ರ ಹಾಜರುಪಡಿಸಿ ಅನ್ನುತ್ತಾರೆ.